ತವುಡಿಗೆ ಮಾರಿದ ತಂಗಿ

ಸೊಸೆ ಲ್ಯಾಪ್‌ಟಾಪನ್ನು ನನ್ನ ಕಡೆಗೆ ತಿರುಗಿಸಿ, “ಮಾವ, ಇಲ್ಲೂ ಇಲ್ವಂತೆ” ಎಂದಳು. ನಾನು ಹುರುಳಿಕಾಯಿಯ ನಾರು ಬಿಡಿಸುತ್ತ ಕುಳಿತಿದ್ದೆ. ತಲೆ ಎತ್ತಲಿಲ್ಲ.

ಅವಳು ಮೂರು ಜಿಲ್ಲೆಗಳ ಜನನ ದಾಖಲೆಗೆಂದು ಬರೆದಿದ್ದಳು. ಮೂರೂ ಕಡೆಯಿಂದ ಮಲಯ್ ಭಾಷೆಯಲ್ಲಿ ಒಂದೇ ಉತ್ತರ ಬಂದಿತ್ತು. ನೀವು ಕೊಟ್ಟ ತಂದೆತಾಯಿಯ ಹೆಸರಿಗೆ ಆ ವರ್ಷಗಳಲ್ಲಿ ಯಾವ ಹೆಣ್ಣುಮಗುವಿನ ಜನನವೂ ದಾಖಲಾಗಿಲ್ಲ.

“ನಿಮ್ಮ ಎಸ್ಟೇಟ್ ಆ ಕಾಲದಲ್ಲಿ ಬೇರೆ ಡಿಸ್ಟ್ರಿಕ್ಟ್‌ಗೇನಾದ್ರೂ ಸೇರಿತ್ತಾ? ಸ್ವಲ್ಪ ನೆನಪು ಮಾಡ್ಕೊಳ್ಳಿ ಮಾವ. ಅತ್ತೆ ಹುಟ್ಟಿದ್ದನ್ನ ಬರೆಸೋಕೆ ಹೋಗಿದ್ದು ನೀವೇ ಅಲ್ವಾ?”

“ನಾನೇ.”

“ಬರೆಸಿದ್ರಿ ತಾನೇ?”

“ಬರೆಸಿದೆ” ಎಂದೆ. ಅದು ಸುಳ್ಳಾಗಿರಲಿಲ್ಲ.

ಅಡುಗೆಮನೆಯಿಂದ ನನ್ನ ತಂಗಿ, ಸೊಸೆ ಅತ್ತೆ ಎನ್ನುವವಳು, ಕೂಗಿದಳು: “ಬುಟ್ಬುಡು ಮಗ. ಗೆದ್ದಲು ತಿಂದಿರ್ತದೆ. ಕಾರ್ಡಿಲ್ದೆ ಇಷ್ಟು ಕಾಲ ಬದ್ಕಿಲ್ವಾ ನಾನು?”

“ಅದೆಂಥ ಗೆದ್ದಲು ಅತ್ತೆ, ನಿಮ್ಮ ಹಾಳೇನೇ ಹುಡ್ಕೊಂಡು ಬಂದು ತಿನ್ನೋದು?”

“ನನ್ನ ಜಾತಕಾನೇ ಅಂಗದೆ ಕನವ್ವ, ಗೆದ್ದಲುಗೂ ರುಚಿ!”

ಇಬ್ಬರೂ ನಕ್ಕರು. ನಾನೂ ನಕ್ಕೆ. ನಗದಿದ್ದರೆ ಸೊಸೆ ನನ್ನ ಮುಖ ನೋಡಿಯಾಳು ಎಂಬ ಭಯ. ಅವಳು ಮೊದಲು ಬರೆದ ಜಿಲ್ಲೆಯೇ ಸರಿಯಾದ ಜಿಲ್ಲೆ. ತಪ್ಪಿದ್ದು ಹೆಸರು. ಯಾವ ತಾಯಿಯ ಹೆಸರಿನಲ್ಲಿ ಹುಡುಕಬೇಕೆಂದು ಈ ಭೂಮಿಯ ಮೇಲೆ ಗೊತ್ತಿದ್ದವನು ನಾನೊಬ್ಬನೇ. ನಾನು ಹುರುಳಿಕಾಯಿ ಬಿಡಿಸುತ್ತಿದ್ದೆ.

ಆಗ ಕ್ಲಾಂಗ್ ಬಂದರಿನ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ನಾವು ಮೂವರೇ. ಮಗ ಸಿಂಗಪುರದ ಕಡೆ ಕೆಲಸಕ್ಕೆ ಹೋದವನು ಕೊರೊನಾಕ್ಕೆ ಗಡಿಯ ಸೇತುವೆ ಮುಚ್ಚಿದ್ದರಿಂದ ಅಲ್ಲೇ ಸಿಕ್ಕಿಬಿದ್ದಿದ್ದ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಸೊಸೆ ಮೈಸೂರಿನವಳು, ಕಂಪ್ಯೂಟರ್ ಕಂಪನಿಯ ಕೆಲಸವನ್ನು ಊಟದ ಮೇಜಿನ ಮೇಲೇ ಮಾಡುತ್ತಿದ್ದಳು. ಲಸಿಕೆಗೆ ಹೆಸರು ನೋಂದಾಯಿಸಲು ಗುರುತಿನ ಚೀಟಿಯ ಸಂಖ್ಯೆ ಕೇಳುತ್ತಾರೆಂದು ತಿಳಿದ ದಿನ, “ಅತ್ತೆಯ ಐಸಿ ಕೊಡಿ” ಎಂದು ಕೈಚಾಚಿದಳು. ಈ ದೇಶದಲ್ಲಿ ಎಲ್ಲರೂ ಗುರುತಿನ ಚೀಟಿಗೆ ಐಸಿ ಎನ್ನುತ್ತಾರೆ. ಅತ್ತೆಗೆ ಅದು ಇಲ್ಲ, ಎಂದೂ ಇರಲಿಲ್ಲ ಎಂದು ಅವಳಿಗೆ ಗೊತ್ತಾದದ್ದು ಆಗಲೇ. ಹುಟ್ಟಿದ್ದಕ್ಕೆ ದಾಖಲೆ ಸಿಕ್ಕರೆ ಚೀಟಿ ಮಾಡಿಸಬಹುದೆಂದು ಆವತ್ತೇ ಹುಡುಕಾಟ ಶುರುಮಾಡಿದಳು. ಅಜ್ಜ ಯಾವ ಹಡಗಿನಲ್ಲಿ ಬಂದ, ಯಾವ ತೋಟಕ್ಕೆ ಬಂದ, ಅಪ್ಪ ಎಲ್ಲಿ ಹುಟ್ಟಿದ ಎಂದು ದಿನಕ್ಕೊಂದು ಪ್ರಶ್ನೆ. ಎಲ್ಲದಕ್ಕೂ ಉತ್ತರಿಸಿದೆ. ಕೇಳದಿದ್ದ ಒಂದನ್ನು ಹೇಳಲಿಲ್ಲ.

ಅದನ್ನು ಇಲ್ಲಿ ಬರೆಯುತ್ತೇನೆ.

ನಮ್ಮ ಅಜ್ಜ ಕೊಳ್ಳೇಗಾಲದ ಕಡೆಯಿಂದ ರಬ್ಬರ್ ತೋಟಕ್ಕೆ ಬಂದವನು. ತೋಟದ ಸಾಲುಮನೆಗಳಲ್ಲಿ ಇದ್ದವರೆಲ್ಲ ತಮಿಳರು, ಕನ್ನಡ ಆಡುವ ಮನೆ ನಮ್ಮದೊಂದೇ. ನನಗೆ ಅಕ್ಷರ ಕಲಿಸಿದ್ದೂ ಅಜ್ಜನೇ, ಸೀಮೆಸುಣ್ಣ ಇಲ್ಲದೆ ಇದ್ದಿಲಿನಿಂದ ತಗಡಿನ ಮೇಲೆ ಬರೆಸಿ. ನನ್ನ ನಂತರ ಅಮ್ಮನಿಗೆ ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಒಂದು ಹುಟ್ಟಿದ ವಾರದಲ್ಲಿ ಹೋಯಿತು, ಒಂದು ಜ್ವರದಲ್ಲಿ, ಒಂದು ನಡೆಯಲು ಕಲಿತ ಮೇಲೆ. ಪ್ರತಿ ಸಲ ಅಪ್ಪ ಮಗುವನ್ನು ಎತ್ತಿಕೊಂಡು ಮುಂದೆ ನಡೆಯುತ್ತಿದ್ದ, ನಾನು ಸಲಿಕೆ ಹಿಡಿದು ಹಿಂದೆ ನಡೆಯುತ್ತಿದ್ದೆ.

ಆಮೇಲೆ ಈ ತಂಗಿ ಹುಟ್ಟಿದಳು. ಈ ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷವಾಗಿತ್ತು, ನಾನು ಪಟ್ಟಣದ ಹೈಸ್ಕೂಲಿಗೆ ಸೈಕಲ್ ತುಳಿಯುತ್ತಿದ್ದೆ. ಈ ಸಲ ಅಜ್ಜಿ ಯಾರ ಮಾತನ್ನೂ ಕೇಳಲಿಲ್ಲ. ಮಗುವನ್ನು ಮೊರದಲ್ಲಿ ಹಾಕಿ ತೋಟದ ಕೊಟ್ಟಿಗೆಯ ಹಿಂದಿನ ತಿಪ್ಪೆಯ ಮೇಲೆ ಇಟ್ಟಳು. ಪಕ್ಕದ ಮನೆಯ ತಮಿಳು ಹೆಂಗಸು, ನಾವು ಅಕ್ಕ ಎನ್ನುತ್ತಿದ್ದವಳು, ಮೊದಲೇ ಮಾತಾಗಿದ್ದಂತೆ ಆ ದಾರಿಯಲ್ಲಿ ಬಂದಳು.

“ಯಾರ್ದಮ್ಮ ಈ ಮಗು?” ಎಂದು ಕೇಳಿದಳು.

“ಯಾರ್ದೋ ಕಾಣೆ ಕನವ್ವ. ತಿಪ್ಪೇಲಿ ಬಿದ್ದಿತ್ತು. ಬೇಕಂದ್ರೆ ತವುಡು ಕೊಟ್ಟು ಎತ್ಕೊಂಡೋಗು.”

ಅಕ್ಕ ಸೆರಗಿನಲ್ಲಿ ತಂದಿದ್ದ ತವುಡನ್ನು ಮೊರಕ್ಕೆ ಸುರಿದು ಮಗುವನ್ನು ಎತ್ತಿಕೊಂಡಳು. ಅವರ ಕಡೆಯೂ ಈ ಪದ್ಧತಿ ಇತ್ತು, ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ಬೇರೆಯವರಿಗೆ ಮಾರಿಬಿಟ್ಟರೆ, ಹುಡುಕಿಕೊಂಡು ಬರುವ ಮೃತ್ಯುವಿಗೆ ಆ ಮನೆಯಲ್ಲಿ ಕೂಸೇ ಇಲ್ಲ. ಆಮೇಲೆ ಅಕ್ಕ ಮಗುವನ್ನು ಅಮ್ಮನ ಮಡಿಲಿಗೆ ಹಾಕಿ, “ನನ್ನ ಮಗೂನ ಸಾಕಿಕೊಡು ತಾಯಿ” ಎಂದಳು. ಅಮ್ಮ ಅತ್ತಳು.

ಜನನವನ್ನು ಪಟ್ಟಣದ ಪೊಲೀಸ್ ಠಾಣೆಯಲ್ಲಿ ಬರೆಸಬೇಕಿತ್ತು. ಮನೆಯಲ್ಲಿ ಇಂಗ್ಲಿಷ್, ಮಲಯ್ ಬಲ್ಲವನು ನಾನೊಬ್ಬನೇ. ಸೈಕಲ್ ಹತ್ತುವಾಗ ಅಜ್ಜಿ ಹಿಡಿಯನ್ನು ಹಿಡಿದು ನಿಲ್ಲಿಸಿದಳು.

“ಯಾರ್ ಕೇಳುದ್ರೂ ಅಕ್ಕನ ಕೂಸು ಅನ್ನು. ಪೋಲೀಸ್ನೋನು ಕೇಳುದ್ರೂ ಅಷ್ಟೆಯ. ನಮ್ದು ಅಂತ ನಿನ್ನ ಬಾಯಲ್ಲಿ ಬಂತೋ, ಇದೂ ಉಳಿಯಾಕಿಲ್ಲ. ಆಮೇಲೆ ಸಲಿಕೆ ನೀನೇ ಹೊತ್ಕಬೇಕು.”

ಠಾಣೆಯಲ್ಲಿ ಮೇಜಿನ ಹಿಂದಿದ್ದ ಪೇದೆ ದಪ್ಪ ಪುಸ್ತಕ ತೆರೆದು ಒಂದೊಂದಾಗಿ ಕೇಳಿದ. ತಾಯಿಯ ಹೆಸರು? ನಾನು ವಿಜ್ಞಾನದ ಪಾಠ ಓದುತ್ತಿದ್ದ ಹುಡುಗ. ಮೃತ್ಯು ಪೊಲೀಸ್ ಠಾಣೆಗೆ ಬಂದು ಪುಸ್ತಕ ಓದುವುದಿಲ್ಲ ಎಂದು ನನಗೆ ತಿಳಿದಿತ್ತು. ಆದರೂ ಅಮ್ಮನ ಹೆಸರು ಹೇಳಲು ಬಾಯಿ ತೆರೆದಾಗ ಕೈಯಲ್ಲಿ ಸಲಿಕೆಯ ತಣ್ಣನೆಯ ಹಿಡಿಕೆ ತಗುಲಿದಂತಾಯಿತು. ಅಕ್ಕನ ಹೆಸರು ಹೇಳಿದೆ. ತಂದೆ ಎಂದು ಅಕ್ಕನ ಗಂಡನ ಹೆಸರು ಹೇಳಿದೆ. ಪೇದೆ ಬರೆದು, ಮೊಹರು ಹಾಕಿ, ಕಾಗದ ಕೊಟ್ಟ. ಅಜ್ಜಿ ಆ ಕಾಗದವನ್ನು, ಕೂಸನ್ನು ಕೊಂಡ ಅಕ್ಕನಿಗೇ ಕೊಡಿಸಿದಳು. ಅಪ್ಪನಿಗೂ ಅಮ್ಮನಿಗೂ ಒಂದಕ್ಷರ ಬರುತ್ತಿರಲಿಲ್ಲ. ಶಾಸ್ತ್ರ ಬೇರೆ, ಠಾಣೆ ಬೇರೆ ಎಂದೇ ಅವರು ತಿಳಿದಿದ್ದರು. ಠಾಣೆಯಲ್ಲಿ ನಾನು ಏನು ಬರೆಸಿದೆನೆಂದು ಅವರು ಕೇಳಲಿಲ್ಲ.

ಮಗು ಉಳಿಯಿತು. ಐದು ತುಂಬಿದ ಮೇಲೆ, ಪದ್ಧತಿಯಂತೆ, ತೋಟದ ಮಾರಿಯಮ್ಮನ ಗುಡಿಯ ಮುಂದೆ ಅಕ್ಕನಿಗೆ ಸೀರೆ ಉಡಿಸಿ, ಮೊರದ ತುಂಬ ತವುಡು ಕೊಟ್ಟು, ಮಗಳನ್ನು ಮರಳಿ ಕೊಂಡರು. ಅಂದು ಮನೆಯಲ್ಲಿ ಪಾಯಸ. ದೇವರ ಮುಂದೆ ಎಲ್ಲ ಸರಿಹೋಯಿತು. ಠಾಣೆಯ ಪುಸ್ತಕದಿಂದಲೂ ಅವಳನ್ನು ಮರಳಿ ಕೊಳ್ಳಬೇಕಿತ್ತೆಂದು ಆ ಗುಂಪಿನಲ್ಲಿ ತಿಳಿದಿದ್ದವನು ಪಾಯಸ ತಿನ್ನುತ್ತಿದ್ದ.

ಇಲ್ಲಿಯವರೆಗೂ ಅಜ್ಜಿಯ ಮೇಲೆ ಹೊರಿಸಬಹುದು. ಮುಂದಿನದು ಪೂರ್ತಿ ನನ್ನದು.

ಹನ್ನೆರಡು ತುಂಬಿದ ಮಕ್ಕಳಿಗೆ ಐಸಿ ಮಾಡಿಸಬೇಕು. ಅಪ್ಪ ಕಚೇರಿಗೆ ಹೋಗಿ, ಹೆಸರಿಲ್ಲ ಎನ್ನಿಸಿಕೊಂಡು ಬಂದ. ನನಗೆ ಆಗತಾನೇ ಬಂದರಿನಲ್ಲಿ ಸರಕು ಎಣಿಸುವ ಗುಮಾಸ್ತನ ಕೆಲಸ ಸಿಕ್ಕಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ಅಜ್ಜಿ ಆಗಲೇ ತೀರಿಕೊಂಡಿದ್ದಳು, ಅಕ್ಕನ ಸಂಸಾರ ಮೆಲಾಕಾ ಕಡೆಗೆ ಹೋಗಿ ವರ್ಷಗಳಾಗಿದ್ದವು. ಸುಳ್ಳು ಮಾಹಿತಿ ಬರೆಸಿದವರಿಗೆ ಜೈಲು ಎಂದು ಆ ಠಾಣೆಯ ಗೋಡೆಯ ಮೇಲೇ ಬರೆದಿದ್ದು ನನ್ನ ಕಣ್ಣ ಮುಂದೆ ಬಂತು.

“ನೀನು ಬರೆಸಿದ್ದೆ ತಾನೇನೋ?” ಎಂದ ಅಪ್ಪ.

“ಬರೆಸಿದ್ದೆ ಅಪ್ಪ. ಅವರು ಕಳೆದುಹಾಕಿರಬೇಕು.”

ಅಪ್ಪ ಸರ್ಕಾರವನ್ನು ಬೈದ. ನಾನೂ ಸೇರಿ ಬೈದೆ. ಸಾಯುವವರೆಗೂ ಅವನು ಹಾಗೆಯೇ ನಂಬಿದ್ದ.

ತಂಗಿಗೆ ದೊಡ್ಡ ಪರೀಕ್ಷೆಗೆ ಕೂರಲು ಬಿಡಲಿಲ್ಲ. ಬ್ಯಾಂಕಿಲ್ಲ, ಪಾಸ್‌ಪೋರ್ಟಿಲ್ಲ. ಒಬ್ಬ ಲಾರಿ ಚಾಲಕನ ಸಂಬಂಧ ಕೂಡಿಬಂದಿತ್ತು, ಹುಡುಗ ಒಳ್ಳೆಯವನು, ತಂಗಿಯ ಕೈಯ ಮೀನುಸಾರಿಗೆ ಸೋತುಹೋಗಿದ್ದ. ಮದುವೆ ನೋಂದಣಿಗೆ ಐಸಿ ಬೇಕೆಂದಾಗ ಅವನ ತಾಯಿ ನಮ್ಮ ಜಗಲಿಯಲ್ಲೇ ನಿಂತು, “ಹುಡುಗಿ ನಮ್ಮ ಕಣ್ಣಿಗೆ ಕಾಣ್ತಾಳೆ, ಸರ್ಕಾರದ ಕಣ್ಣಿಗೆ ಕಾಣಲ್ಲ. ಇಂಥ ದೆವ್ವ ನಮಗ್ಯಾಕೆ?” ಎಂದಳು. ಆ ಹೊತ್ತಿಗೂ ನಾನು ಬಾಯಿ ಬಿಡಬಹುದಿತ್ತು. ನನಗೊಬ್ಬ ಮಗ ಹುಟ್ಟಿದ್ದ, ಮನೆಗೆ ಸಾಲ ಮಂಜೂರಾಗುವುದರಲ್ಲಿತ್ತು, ಜೈಲಿಗೆ ಹೋದರೆ ಇವರ ಗತಿಯೇನು ಎಂದುಕೊಂಡೆ. ತಂಗಿ ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದು ನನ್ನ ಮಗನಿಗೆ ಸ್ನಾನ ಮಾಡಿಸಿದಳು. ಅವನನ್ನು ಬೆಳೆಸಿದವಳು ಅವಳೇ. ಹೀಗೆ ನನಗೆ ಅನುಕೂಲವೂ ಆಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಕೊರೊನಾ ಬಂದ ಮೇಲೆ ಹೆದರಿಕೆ ಮನೆಯೊಳಗೆ ವಾಸಕ್ಕೇ ಬಂತು. ಮೂಲೆಮೂಲೆಗೆ ಪೊಲೀಸರು ರಸ್ತೆ ತಡೆದು ಐಸಿ ಕೇಳುತ್ತಿದ್ದರು. ನಮ್ಮ ಬೀದಿಯಾಚೆಯ ಫ್ಲ್ಯಾಟುಗಳ ಸುತ್ತ ಒಂದು ಬೆಳಿಗ್ಗೆ ಮುಳ್ಳುತಂತಿ ಸುತ್ತಿದರು. ಕಾಗದಪತ್ರ ಇಲ್ಲದವರನ್ನು ಸಾಲಾಗಿ ಕೂರಿಸಿ ಲಾರಿಗೆ ಹತ್ತಿಸುವ ವಿಡಿಯೋ ಎಲ್ಲರ ಫೋನಿಗೂ ಬಂತು. ತಂಗಿ ಅದನ್ನು ಸೊಸೆಯ ಫೋನಿನಲ್ಲಿ ನೋಡಿದಳು. ಮಾರನೆಯ ದಿನದಿಂದ ಗೇಟಿನ ಬಳಿಯ ತುಳಸಿಗೆ ನೀರು ಹಾಕಲೂ ಹೊರಗೆ ಹೋಗಲಿಲ್ಲ. ಮುಂದಿನ ಕಿಟಕಿಗೆ ಹಾಸಿಗೆಯ ಹೊದಿಕೆ ಕಟ್ಟಿದಳು. ಹೊರಗೆ ಮೋಟಾರ್‌ಸೈಕಲ್ ನಿಧಾನವಾದರೆ ಅವಳ ಕೈಯ ಸೌಟು ನಿಲ್ಲುತ್ತಿತ್ತು. ಅವಳ ಸೌಟು ನಿಂತರೆ ನನ್ನ ಎದೆ ಬಡಿದುಕೊಳ್ಳುತ್ತಿತ್ತು. ಅವಳು ಪೊಲೀಸರಿಗೆ ಹೆದರುತ್ತಿದ್ದಳು. ನಾನು ಪೊಲೀಸರಿಗೂ ಹೆದರುತ್ತಿದ್ದೆ, ಅವಳಿಗೂ ಹೆದರುತ್ತಿದ್ದೆ.

ಒಂದು ಮಧ್ಯಾಹ್ನ ಮುಖಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿಕೊಂಡ ಇಬ್ಬರು ಗೇಟು ತಟ್ಟಿದರು. ಬಡಾವಣೆಯ ಸ್ವಯಂಸೇವಕರು. ಚಿಕ್ಕ ವಯಸ್ಸಿನ ಮಲಯ್ ಹುಡುಗಿ ನಗುತ್ತಲೇ ಕೇಳಿದಳು: “ಅಂಕಲ್, ಲಸಿಕೆಗೆ ಬರ್ಕೊಳ್ತಿದ್ದೀವಿ. ಮನೇಲಿ ಎಷ್ಟು ಜನ?”

“ಇಬ್ಬರು” ಎಂದೆ.

“ಇಬ್ಬರೇನಾ? ಮತ್ತ್ಯಾರೂ ಇಲ್ವಾ?”

“ನಾನು, ಸೊಸೆ. ಅಷ್ಟೇ.”

ಒಳಗೆ ಬಂದಾಗ ತಂಗಿ ಫ್ರಿಜ್ಜಿಗೂ ಗೋಡೆಗೂ ನಡುವೆ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಹೋದ್ರಾ?”

“ಹೋದರು.”

“ಇಬ್ಬರು ಅಂದಿದ್ದೇ ಸರಿ ಕನಣ್ಣ. ನೀನೆಲ್ಲಿ ಮೂವರು ಅಂದ್ಬುಡ್ತೀಯೋ ಅಂತ ಉಸಿರು ಕಟ್ಕಂಡು ನಿಂತಿದ್ದೆ. ನೀನು ಯಾವಾಗ್ಲೂ ನನ್ನ ಕಾಪಾಡ್ತೀಯ.”

ಸೊಸೆ ಮೀಟಿಂಗ್ ಮುಗಿಸಿ ಬಂದು ವಿಷಯ ತಿಳಿದು, ಇಲ್ಲಿಯವರಂತೆ ಮಾತಿಗೆ ‘ಲಾ’ ಸೇರಿಸಿ ಸಿಡುಕಿದಳು. “ಅವರು ಪೊಲೀಸ್ ಅಲ್ಲ ಲಾ ಮಾವ! ಹೇಳಿದ್ರೆ ಏನಾದ್ರೂ ದಾರಿ ತೋರಿಸ್ತಿದ್ರೋ ಏನೋ.” ಕಾಪಾಡ್ತೀಯ ಎಂಬ ಆ ಮಾತಿಗಿಂತ ತಂಗಿ ನನ್ನ ಕಪಾಳಕ್ಕೆ ಹೊಡೆದಿದ್ದರೆ ಚೆನ್ನಾಗಿತ್ತು.

ಅದಾದ ಕೆಲವು ದಿನಕ್ಕೆ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಸತ್ತ. ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿ ತಟ್ಟುತ್ತಿದ್ದವನು, ಬೇರೆ ದೇಶದವನು, ಅವನಿಗೂ ಕಾಗದವಿರಲಿಲ್ಲ. ಜ್ವರವೆಂದು ಹೇಳಿದರೆ ಹಿಡಿದುಕೊಂಡು ಹೋಗುತ್ತಾರೆಂದು ಕೋಣೆಯೊಳಗೇ ಚಿಲಕ ಹಾಕಿಕೊಂಡಿದ್ದನಂತೆ. ಎಷ್ಟೋ ಸಲ ಅವನ ಕೈಯಿಂದ ನಾನು ರೊಟ್ಟಿ ತಪಾವ್ ಮಾಡಿಸಿ, ಪೊಟ್ಟಣ ಕಟ್ಟಿಸಿಕೊಂಡು ಮನೆಗೆ ತಂದಿದ್ದೆ.

ಅದೇ ವಾರ ತಂಗಿ ಬಿಸಿನೀರಿಗೆ ಶುಂಠಿ ಹಾಕಿಕೊಂಡು ಕುಡಿಯುವುದನ್ನು ಕಂಡೆ. ಏನೆಂದು ಕೇಳಿದರೆ ಗಂಟಲು ಎಂದಳು. ಮಾರನೆಯ ದಿನ ಅವಳು ಪಾತ್ರೆ ತೊಳೆಯುವಾಗ ಗೋಡೆಗೆ ಒರಗಿ ನಿಂತದ್ದನ್ನು ಸೊಸೆ ನೋಡಿ ಹಣೆ ಮುಟ್ಟಿದಳು. ಸುಡುತ್ತಿತ್ತು. ಬೆರಳಿಗೆ ಸಿಕ್ಕಿಸಿ ಆಮ್ಲಜನಕ ಅಳೆಯುವ ಆ ಪುಟ್ಟ ಯಂತ್ರದಲ್ಲಿ ಬಂದ ಸಂಖ್ಯೆ ನೋಡಿ ಸೊಸೆಯ ಮುಖ ಇಳಿಯಿತು.

“ಇನ್ನೂ ತುಂಬಾ ಇಳಿದಿಲ್ಲ. ಆದ್ರೆ ಆಸ್ಪತ್ರೆಗೆ ಹೋಗೋಣ ಅತ್ತೆ. ಈಗ್ಲೇ.”

“ಬ್ಯಾಡ.”

“ಅತ್ತೆ, ಪ್ಲೀಸ್.”

“ಬ್ಯಾಡ ಅಂದ್ನಲ್ಲ ಮಗ. ಅಲ್ಲಿ ಮೊದ್ಲು ಐಸಿ ಕೇಳ್ತಾರೆ. ಆಮೇಲೆ ಲಾರಿ. ನಾನು ಇಲ್ಲೇ ಸಾಯ್ತೀನಿ, ನನ್ನ ಹಾಸಿಗೇಲಿ.”

ಅವಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಒಂದು ಸ್ಟೂಲು ತಂದು ಬಾಗಿಲ ಹೊರಗೆ ಕುಳಿತೆ. ಸೊಸೆ ಫೋನಿನಲ್ಲಿ ಯಾರೋ ಡಾಕ್ಟರನ್ನು ಹುಡುಕುತ್ತಿದ್ದಳು. ಬಾಗಿಲ ಮರಕ್ಕೆ ಬಾಯಿ ಹತ್ತಿರ ತಂದು ಹೇಳತೊಡಗಿದೆ. ತಿಪ್ಪೆ, ತವುಡಿನ ಕಥೆ ಅವಳಿಗೆ ಗೊತ್ತಿತ್ತು. ಚಿಕ್ಕಂದಿನಲ್ಲಿ ಅದನ್ನೇ ಹೇಳಿ ಅವಳನ್ನು ರೇಗಿಸುತ್ತಿದ್ದೆವು. ಠಾಣೆಯಲ್ಲಿ ನಾನು ಯಾರ ಹೆಸರು ಹೇಳಿದೆನೆಂದು ಹೇಳಿದೆ. ಅಪ್ಪ ಕೇಳಿದಾಗ ಏನೆಂದೆ ಎಂದು ಹೇಳಿದೆ. ಲಾರಿ ಚಾಲಕನ ತಾಯಿ ಜಗಲಿಯಲ್ಲಿ ನಿಂತಿದ್ದಾಗಲೂ ನನಗೆ ತಿಳಿದಿತ್ತೆಂದು ಹೇಳಿದೆ. ಸೊಸೆ ಫೋನನ್ನು ಕಿವಿಯಿಂದ ಕೆಳಗಿಳಿಸಿ ನಿಂತುಬಿಟ್ಟಿದ್ದಳು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ನನ್ನಲ್ಲಿರಲಿಲ್ಲ.

ಒಳಗೆ ಕೆಮ್ಮು.

“ಇವಳೇ,” ಎಂದೆ, “ಕೇಳಿಸ್ತಾ?”

“ಅಂದ್ರೆ ನಾನು ಆ ಪುಸ್ತಕದಲ್ಲಿ ಇದ್ದೀನಾ?”

“ಇದ್ದೀಯ.”

“ಖಂಡಿತ?”

“ನನ್ನ ಕಣ್ಣ ಮುಂದೆಯೇ ಬರೆದರು. ನೀನು ಈ ದೇಶದಲ್ಲಿ ಹುಟ್ಟಿದವಳು ಅಂತ ಬರೆದಿದೆ. ನಿನ್ನನ್ನು ಯಾರೂ ಲಾರಿಗೆ ಹತ್ತಿಸುವ ಹಾಗಿಲ್ಲ. ಬಾಗಿಲು ತೆಗಿ.”

ಚಿಲಕ ತೆಗೆದಳು. ನನ್ನನ್ನು ನೋಡಲಿಲ್ಲ. ಸೊಸೆಯ ಕಡೆಗೆ ತಿರುಗಿ, “ಕಾರು ತೆಗಿ ಮಗ” ಎಂದಳು.

ಆಸ್ಪತ್ರೆಯಲ್ಲಿ ಯಾರೂ ಮೊದಲು ಐಸಿ ಕೇಳಲಿಲ್ಲ. ಮೂಗಿಗೆ ಆಮ್ಲಜನಕದ ನಳಿಕೆ ಹಾಕಿದ ಮೇಲೆ ಕೇಳಿದರು, ಸೊಸೆ ಅರ್ಜಿ ಹಾಕಿದ್ದೇವೆ ಎಂದಳು, ಅವರು ಬರೆದುಕೊಂಡರು. ಒಂದು ವಾರದ ಮೇಲೆ ತಂಗಿ ಬಡಕಲಾಗಿ ಮನೆಗೆ ಬಂದಳು. ಆ ವಾರವಿಡೀ ಸೊಸೆ ನನಗೆ ಊಟ ಬಡಿಸಿದಳು, ಮಾತ್ರೆ ಕೊಟ್ಟಳು, ಮಾತಾಡಲಿಲ್ಲ. ಕೊನೆಗೊಮ್ಮೆ ಮಾತ್ರ ಅಂದಳು: “ಅಷ್ಟು ತಿಂಗಳು ನಾನು ಹುಡುಕ್ತಾ ಇದ್ದೆ ಮಾವ. ನೀವು ಎದುರಿಗೇ ಬೀನ್ಸ್ ಬಿಡಿಸ್ತಾ ಕೂತಿದ್ರಿ.”

ಮೊದಲು ಬರೆದಿದ್ದ ಜಿಲ್ಲೆಗೇ ಅವಳು ಮತ್ತೆ ಬರೆದಳು, ಅಕ್ಕನ ಹೆಸರು ಹಾಕಿ. ಈ ಸಲ ಪತ್ರದ ಬದಲು ಫೋನೇ ಬಂತು. ಸ್ಪೀಕರಿನಲ್ಲಿ ಕಚೇರಿಯ ಹೆಂಗಸು ಹಾಳೆ ಮಗುಚುತ್ತಿರುವುದು ಕೇಳಿಸುತ್ತಿತ್ತು. ಆಮೇಲೆ ಮಲಯ್‌ನಲ್ಲಿ “ಅದಾ” ಎಂದಳು. ಇದೆ. ತಂಗಿ ಸೋಫಾದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಸೊಸೆ ಪರಿಚಯದ ವಕೀಲರೊಬ್ಬರನ್ನು ಕೇಳಿದಳು. ದಾರಿ ಎರಡು ಎಂದರು. ತಂದೆತಾಯಿಯ ಹೆಸರು ತಪ್ಪೆಂದು ಮೊದಲು ಕೋರ್ಟಿನಲ್ಲಿ ಸಾಬೀತು ಮಾಡುವುದು ಒಂದು. ಅದಕ್ಕೆ ವರ್ಷಗಳಾಗಬಹುದು, ಸುಳ್ಳು ಬರೆಸಿದವನು ಹೊಣೆ ಹೊರಬೇಕಾಗಬಹುದು, ಅಲ್ಲಿಯವರೆಗೂ ಐಸಿ ಇಲ್ಲ. ಇನ್ನೊಂದು, ದಾಖಲೆ ಇದ್ದ ಹಾಗೆಯೇ ಒಪ್ಪಿಕೊಂಡು ಅಕ್ಕನ ಮಗಳಾಗಿಯೇ ಐಸಿಗೆ ಅರ್ಜಿ ಹಾಕುವುದು. ಅಕ್ಕನ ಮನೆಯವರೊಬ್ಬರ ಸಹಿ ಬೇಕು, ಹುಟ್ಟಿನಿಂದ ಬಲ್ಲ ಇನ್ನೊಬ್ಬರ ಪ್ರಮಾಣ ಬೇಕು. ಇದನ್ನು ನಾನು ಸಲಹೆ ಕೊಡುತ್ತಿಲ್ಲ, ಇರುವುದನ್ನು ಹೇಳಿದೆ ಎಂದು ವಕೀಲರು ಫೋನಿಟ್ಟರು.

“ಕೋರ್ಟಿಗೆ ಹೋಗೋಣ” ಎಂದೆ ನಾನು. “ಎಲ್ಲ ಹೇಳಿಬಿಡ್ತೀನಿ. ಜೈಲಾದರೆ ಆಗಲಿ.”

ಆ ಮಾತಾಡುವಾಗ ಎದೆ ಹಗುರವಾದಂತೆ ಅನಿಸಿತು. ಅದನ್ನು ತಂಗಿ ನೋಡಿದಳೆಂದು ತೋರುತ್ತದೆ.

“ನಿಂಗೆ ಹಗುರ ಆಯ್ತದೆ, ನಂಗೇನಾಯ್ತದೆ?” ಎಂದಳು. “ಕೋರ್ಟು ಮುಗಿಯೋ ಹೊತ್ಗೆ ನಾನಿರ್ತೀನೋ ಇಲ್ವೋ. ನಿನ್ನ ಸತ್ಯ ನೀನೇ ಇಟ್ಕೊ. ನಂಗೆ ಕಾರ್ಡ್ ಬೇಕು.”

“ಅತ್ತೆ,” ಎಂದಳು ಸೊಸೆ ಮೆಲ್ಲಗೆ, “ಹಾಗೆ ಮಾಡಿದ್ರೆ ಪೇಪರ್‌ನಲ್ಲಿ ನೀವು ಈ ಮನೆ ಮಗಳಲ್ಲ.”

“ಇಷ್ಟು ವರ್ಷ ಯಾವ ಪೇಪರ್‌ನಲ್ಲಿ ಇದ್ದೆ ಕೂಸು?”

ಅಕ್ಕ ತೀರಿಕೊಂಡಿದ್ದಳು. ಅವಳ ಮಗ ಮೆಲಾಕಾದಲ್ಲಿ ಟೈರಿನ ಅಂಗಡಿ ಇಟ್ಟಿದ್ದ. ಫೋನಿನಲ್ಲಿ ವಿಷಯ ಕೇಳಿ ಗಟ್ಟಿಯಾಗಿ ನಕ್ಕು, ತಮಿಳಿನಲ್ಲಿ, “ಅಯ್ಯೋ, ಈ ವಯಸ್ಸಲ್ಲಿ ನಂಗೊಬ್ಬಳು ಅಕ್ಕ! ಅಂಗಡೀಲಿ ಪಾಲು ಕೇಳಬಾರದು ಲಾ!” ಎಂದ. ಮತ್ತೆ ದನಿ ತಗ್ಗಿಸಿ, ಅಮ್ಮ ಹಾಸಿಗೆ ಹಿಡಿದಾಗಲೂ ಆ ಕನ್ನಡದ ಮಗು ಹೇಗಿದೆಯೋ ಎಂದು ಕೇಳುತ್ತಿದ್ದಳು ಎಂದ. ಸಹಿ ಹಾಕುತ್ತೇನೆಂದ.

ಪ್ರಮಾಣ ಮಾಡಿಸುವವರ ಕೋಣೆ ಅಂಗಡಿಗಳ ಮೇಲಿನ ಮಹಡಿಯಲ್ಲಿತ್ತು. ಸೊಸೆ ಕೆಳಗೆ ಕಾರಿನಲ್ಲಿ ಕುಳಿತಳು, ಇದನ್ನು ನೋಡಲಾರೆ ಎಂದಳು. ಮೆಟ್ಟಿಲು ಹತ್ತುವಾಗ ನನ್ನ ಮಾಸ್ಕು ಬೆವರಿನಿಂದ ಮುಖಕ್ಕೆ ಅಂಟಿತ್ತು. ಹಿಂದೊಮ್ಮೆ ಹೆದರಿ ಸುಳ್ಳು ಹೇಳಿದ್ದೆ. ಈಗ ಹೇಳಲಿರುವುದು ತಿಳಿದೂ ತಿಳಿದೂ ಹೇಳುವ ಸುಳ್ಳು, ದೇವರ ಆಣೆಯ ಮೇಲೆ, ಬುದ್ಧಿ ಬಲಿತ ವಯಸ್ಸಿನಲ್ಲಿ. ಮೇಜಿನ ಹಿಂದಿದ್ದ ಚೀನೀ ಮುದುಕರು ಕನ್ನಡಕದ ಮೇಲಿಂದ ಇಬ್ಬರನ್ನೂ ನೋಡಿದರು. ಒಂದೇ ಮೂಗು, ಒಂದೇ ಗಲ್ಲ. ಮಾಸ್ಕು ಇದ್ದದ್ದು ಒಳ್ಳೆಯದಾಯಿತು.

“ಈಕೆ ನಿಮಗೇನಾಗಬೇಕು?” ಎಂದು ಕೇಳಿದರು.

ತಂಗಿ ನೆಲ ನೋಡುತ್ತಿದ್ದಳು.

“ಪಕ್ಕದ ಮನೆಯವರ ಮಗಳು” ಎಂದೆ. “ತೋಟದಲ್ಲಿ ಅಕ್ಕಪಕ್ಕ ಇದ್ದೆವು. ಹುಟ್ಟಿದಾಗಿನಿಂದ ಬಲ್ಲೆ.”

ಸಹಿ ಹಾಕಿದೆ.

ತಿಂಗಳುಗಳ ನಂತರ ಚೀಟಿ ಬಂತು. ಅದನ್ನು ಹಿಡಿದುಕೊಂಡು ತಂಗಿ ಲಸಿಕೆಗೆ ಹೋದಳು. ದೊಡ್ಡ ಸಭಾಂಗಣದ ಬಾಗಿಲಲ್ಲಿ, ವಯಸ್ಸಾದವರ ಜೊತೆ ಮನೆಯವರೊಬ್ಬರು ಬರಬಹುದೆಂದು ಕಾವಲಿನವನು ಹೇಳಿದ. ನಾನು ಮುಂದೆ ಹೆಜ್ಜೆಯಿಟ್ಟು, “ಹುಷಾರು ಕಣೇ ತಂಗಿ, ಮೆಟ್ಟಿಲಿದೆ” ಎಂದುಬಿಟ್ಟೆ. ಅವಳು ಥಟ್ಟನೆ ತಿರುಗಿದಳು. ಆ ಮುಖದಲ್ಲಿ ನಾನು ಕಂಡದ್ದು ಸ್ವಯಂಸೇವಕರು ಬಂದ ದಿನ ಫ್ರಿಜ್ಜಿನ ಪಕ್ಕ ಕಂಡ ಭಯವನ್ನೇ.

“ಹಂಗೆ ಕೂಗ್ಬ್ಯಾಡ” ಎಂದು ಪಿಸುಗುಟ್ಟಿದಳು. “ಯಾರಾದ್ರೂ ಕೇಳುಸ್ಕಂಡ್ರೆ? ನಾನೂ ಇನ್ಮೇಲೆ ಕೂಗಾಕಿಲ್ಲ.”

ಅವಳು ಒಳಗೆ ಹೋದಳು. ನಾನು ಮನೆಯವನಲ್ಲವಾದ್ದರಿಂದ ಗೇಟಿನ ಹೊರಗೆ ಬಿಸಿಲಲ್ಲಿ ನಿಂತೆ.

ಇದನ್ನೆಲ್ಲ ಬರೆಯುವುದು ಬೇಡವೆಂದು ಸೊಸೆ ಹೇಳಿದಳು. ಬರೆಯದಿದ್ದರೆ ನನಗೆ ಸಾಯಲು ಹೆದರಿಕೆ, ಬರೆದರೆ ಬದುಕಲು ಹೆದರಿಕೆ. ಅದಕ್ಕೇ ಇಲ್ಲಿ ಯಾರ ಹೆಸರೂ ಇಲ್ಲ. ಈಗಲೂ ಗೇಟಿನ ಬಳಿ ಖಾಕಿ ಬಣ್ಣ ಕಂಡರೆ ನನ್ನ ಬಾಯಿ ಒಣಗುತ್ತದೆ. ಚೀಟಿಯನ್ನು ಕಿತ್ತುಕೊಂಡು ಹೋಗಲು ಬಂದರೇನೋ ಎಂದುಕೊಳ್ಳುತ್ತೇನೆ.

ತಂಗಿ ಮಾತ್ರ ಹೊರಗೆ ಹೋಗುತ್ತಾಳೆ. ಒಬ್ಬಳೇ ಬಸ್ಸು ಹತ್ತಿ ಮಾರುಕಟ್ಟೆಗೆ ಹೋಗಿ ಮೀನಿನವನ ಜೊತೆ ಜಗಳವಾಡಿ ಬರುತ್ತಾಳೆ. ಮೆಲಾಕಾದಿಂದ ಆ ಟೈರಿನ ಅಂಗಡಿಯವನು ಫೋನು ಮಾಡಿದರೆ ತಮಿಳಿನಲ್ಲಿ ಬಹಳ ಹೊತ್ತು ಮಾತಾಡಿ ನಗುತ್ತಾಳೆ, ಅವನನ್ನು “ತಂಬಿ”, ತಮ್ಮಾ, ಎನ್ನುತ್ತಾಳೆ. ನನಗೆ ಸಮಯಕ್ಕೆ ಸರಿಯಾಗಿ ಊಟ, ಕಾಫಿ. ಆದರೆ ಹೊರಗೆ ಯಾರಾದರೂ ಕೇಳಿಯಾರೆಂದು ಬಿಟ್ಟ ‘ಅಣ್ಣ’ ಎಂಬ ಕರೆ ಮನೆಯೊಳಗೂ ಬಿಟ್ಟುಹೋಯಿತು. ಅದು ಭಯದಿಂದಲೋ, ಬೇರೆ ಕಾರಣದಿಂದಲೋ, ಕೇಳುವ ಹಕ್ಕು ನನಗಿಲ್ಲ. ಮೊನ್ನೆ ನಾನು ಕೋಣೆಯಲ್ಲಿ ಬೆನ್ನು ಹಾಕಿ ಕುಳಿತಿದ್ದೆ. ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ಏನೆಂದು ಕೂಗಬೇಕೋ ತೋಚದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಬಾಗಿಲ ಚೌಕಟ್ಟನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದಳು.

ನಾನು ಎದ್ದು ಹೋದೆ.